ಕಳ್ಳಬಟ್ಟಿ: ಕೊಂದಿದ್ದು ಬೆಲ್ಲದ ಕೊಳೆಯಲ್ಲ

ಹೊಸಕೋಟೆಯಿಂದ ಕೋಲಾರದ ಕಡೆ ಹೋಗೋ ದಾರೀಲಿ ಹಿರಿಯರನ್ನ ಕೇಳಿದ್ರೆ ಕಳ್ಳಬಟ್ಟಿಯ ಕಥೆ ಒಂದಾದ್ರೂ ಸಿಗುತ್ತೆ. ಬೆಲ್ಲದ ಕೊಳೆ, ಜಾಲಿ ಚಕ್ಕೆ, ರಾತ್ರಿ ಹೊತ್ತಿಸೋ ಒಲೆ. ಆದರೆ ಜನ ಗುಂಪುಗುಂಪಾಗಿ ಸತ್ತಿದ್ದು ಇದರಿಂದಲೇನಾ?

1981ರ ಜುಲೈನಲ್ಲಿ ಬೆಂಗಳೂರಲ್ಲಿ ವಿಷಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಆಗ ರಾಜ್ಯದಲ್ಲಿ ಪರವಾನಗಿ ಪಡೆದ ಸಾರಾಯಿ ಅಂಗಡಿಗಳಿದ್ದವು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯ್ತು. ಹನ್ನೊಂದು ತಿಂಗಳು ತುಂಬೋ ಮೊದಲೇ, 2008ರ ಮೇನಲ್ಲಿ, ಬೆಂಗಳೂರಿನ ಸುತ್ತಮುತ್ತ, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಸೇರಿ 150ಕ್ಕೂ ಹೆಚ್ಚು ಸಾವು.

ಎರಡು ಸಲವೂ ಕೊಂದಿದ್ದು ಮೆಥನಾಲ್, ಅಂದ್ರೆ ಕಾರ್ಖಾನೆಗಳಲ್ಲಿ ಬಳಸೋ ಸ್ಪಿರಿಟ್. ಬೆಲ್ಲ ಕೊಳೆಸಿದ್ರೆ ಮೆಥನಾಲ್ ಹುಟ್ಟೋದು ತೀರಾ ಕಡಿಮೆ. ಅಷ್ಟೊಂದು ಸೇರಬೇಕಾದ್ರೆ ಯಾರಾದ್ರೂ ತಂದು ಸುರಿದಿರಲೇಬೇಕು. ನಾನು ಬಿಕಾಂ ಓದಿದವನು, ನನಗೆ ಕಾಣೋದು ಲೆಕ್ಕ: ಬೆಲ್ಲ ಕೊಳೆಯೋಕೆ ದಿನಗಟ್ಟಲೆ ಬೇಕು, ಸೌದೆ ಬೇಕು. ಸ್ಪಿರಿಟ್‌ಗೆ ನೀರು ಬೆರೆಸೋಕೆ ಹತ್ತು ನಿಮಿಷ ಸಾಕು.

ಹಾಗಂತ ಮನೇಲಿ ಕಾಯಿಸಿದ್ದು ಸೇಫ್ ಅಂತಲ್ಲ. ಕಾಯಿಸೋದೇ ಅಪರಾಧ, ಆವಿಗೆ ಬೆಂಕಿ ಹತ್ತೋ ಅಪಾಯ ಬೇರೆ. ಮಾರೋವನು ಏನು ಬೆರೆಸಿದ್ದಾನೆ ಅಂತ ಬಣ್ಣ, ವಾಸನೆ ನೋಡಿ ಗೊತ್ತಾಗಲ್ಲ.

ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರಕ್ಕೆ ಹೊಡೆಯುತ್ತೆ. ಇದಕ್ಕೆ 12ರಿಂದ 24 ಗಂಟೆ ಹಿಡಿಯಬಹುದು. ರಾತ್ರಿ ಕುಡಿದವರು ಬೆಳಗ್ಗೆ 'ಕಣ್ಣು ಮಂಜು' ಅಂದ್ರೆ ನಶೆ ಇಳಿದಿಲ್ಲ ಅಂತ ಮಲಗಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಏನು ಕುಡಿದರು ಅನ್ನೋದನ್ನ ಮುಚ್ಚಿಡಬೇಡಿ.

ನಿಷೇಧಕ್ಕೆ ಮೊದಲೂ ಸತ್ತರು, ಆಮೇಲೂ ಸತ್ತರು. ಎರಡು ಸಲವೂ ಅಗ್ಗದ್ದನ್ನ ಕುಡಿಯೋ ಬಡವರೇ.