ಗುದದ್ವಾರದ ಕ್ಯಾನ್ಸರ್: ವಿಕಿರಣ ಚಿಕಿತ್ಸೆಯ ಫಲವನ್ನು ಅಳೆಯುವುದು ಯಾವಾಗ?

ಶಸ್ತ್ರಚಿಕಿತ್ಸೆ ಮಾಡಲಾಗದ ಗೆಡ್ಡೆಗೆ ಕೊನೆಯ ದಾರಿ ವಿಕಿರಣ ಎಂಬ ತಿಳಿವಳಿಕೆ ಗುದದ್ವಾರದ ಸ್ಕ್ವಾಮಸ್ ಕೋಶ ಕ್ಯಾನ್ಸರಿಗೆ ಹೊಂದುವುದಿಲ್ಲ. ಅಪರೂಪದ ಈ ಕಾಯಿಲೆಯಲ್ಲಿ, ತೀರಾ ಚಿಕ್ಕ ಗೆಡ್ಡೆಗಳನ್ನು ಬಿಟ್ಟರೆ, ಕತ್ತರಿಸಿ ತೆಗೆಯಬಹುದಾದ ಗೆಡ್ಡೆಗೂ ಕೀಮೋಥೆರಪಿಯೊಡನೆ ಕೊಡುವ ವಿಕಿರಣವೇ ಮೊದಲ ಚಿಕಿತ್ಸೆ. ಇಲ್ಲಿ ಫಲಕ್ಕಾಗಿ ಕಾಯುವುದೂ ಚಿಕಿತ್ಸೆಯ ಅಂಗವೇ ಎಂಬುದು ಈ ಲೇಖನದ ವಾದ.

1970ರ ದಶಕದವರೆಗೆ ಗುದದ್ವಾರ ಮತ್ತು ಗುದನಾಳವನ್ನು ಪೂರ್ತಿ ತೆಗೆದು, ಮಲ ಹೊರಹೋಗಲು ಹೊಟ್ಟೆಯ ಮೇಲೆ ಶಾಶ್ವತ ದಾರಿ ಮಾಡುವುದೇ ರೂಢಿಯಾಗಿತ್ತು. ಅಮೆರಿಕದ ಡೆಟ್ರಾಯಿಟ್‌ನ ಶಸ್ತ್ರವೈದ್ಯ ನಾರ್ಮನ್ ನೈಗ್ರೊ ಶಸ್ತ್ರಚಿಕಿತ್ಸೆಗೆ ಮುನ್ನ 30 ಗ್ರೇ ವಿಕಿರಣದ ಜೊತೆ 5-ಫ್ಲೂರೋಯುರಾಸಿಲ್ ಮತ್ತು ಮೈಟೊಮೈಸಿನ್ ವರ್ಗದ ಔಷಧ ಕೊಟ್ಟು, ಮೂವರು ರೋಗಿಗಳ ವರದಿಯನ್ನು 1974ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಗೆ ಒಳಗಾದ ಇಬ್ಬರಿಂದ ತೆಗೆದ ಅಂಗಾಂಶದಲ್ಲಿ ಕ್ಯಾನ್ಸರ್ ಉಳಿದಿರಲಿಲ್ಲ. ಮೂರನೆಯವರು ಶಸ್ತ್ರಚಿಕಿತ್ಸೆಯನ್ನೇ ನಿರಾಕರಿಸಿದರೂ ಅವರಲ್ಲಿ ರೋಗ ಕಾಣಿಸಲಿಲ್ಲ.

ಮೂವರಲ್ಲಿ ಕಂಡದ್ದನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿದ್ದು ಬ್ರಿಟನ್. 1996ರಲ್ಲಿ ಪ್ರಕಟವಾದ, 585 ರೋಗಿಗಳ ಆ್ಯಕ್ಟ್-1 ಪ್ರಯೋಗದಲ್ಲಿ ಬರೀ ವಿಕಿರಣ ಪಡೆದವರ ಪೈಕಿ ಶೇ. 59ರಷ್ಟು ಮಂದಿಯಲ್ಲಿ ಸ್ಥಳೀಯ ಚಿಕಿತ್ಸೆ ವಿಫಲವಾಯಿತು. ಔಷಧವನ್ನೂ ಪಡೆದವರಲ್ಲಿ ಆ ಪ್ರಮಾಣ ಶೇ. 36ಕ್ಕೆ ಇಳಿಯಿತು. ಮುಂದೆ 940 ರೋಗಿಗಳ ಆ್ಯಕ್ಟ್-2 ಪ್ರಯೋಗದಲ್ಲಿ 50.4 ಗ್ರೇ ವಿಕಿರಣವನ್ನು 28 ಕಂತುಗಳಲ್ಲಿ ನೀಡಿದಾಗ, 26ನೇ ವಾರದ ಹೊತ್ತಿಗೆ ಸುಮಾರು ಶೇ. 90ರಷ್ಟು ರೋಗಿಗಳಲ್ಲಿ ಗೆಡ್ಡೆ ಪೂರ್ತಿ ಮಾಯವಾಗಿತ್ತು.

ಹೆಚ್ಚಿನ ಪಾಠ ಇರುವುದು ಈ 26 ವಾರಗಳಲ್ಲೇ. ಚಿಕಿತ್ಸೆ ಆರಂಭವಾದ 11ನೇ ವಾರದಲ್ಲಿ ಪೂರ್ಣ ಗುಣ ಕಾಣದ 209 ರೋಗಿಗಳ ಪೈಕಿ 151 ಮಂದಿ 26ನೇ ವಾರಕ್ಕೆ ಆ ಹಂತ ತಲುಪಿದ್ದರು. ವಿಕಿರಣದಿಂದ ವಂಶವಾಹಿಗೆ ಪೆಟ್ಟು ಬಿದ್ದ ಕೋಶ ಒಡನೆಯೇ ಸಾಯುವುದಿಲ್ಲ. ಮುಂದೆ ವಿಭಜನೆಗೆ ತೊಡಗಿದಾಗ ಸಾಯುತ್ತದೆ. 11ನೇ ವಾರದಲ್ಲೇ ಗಂಟು ಕೈಗೆ ಸಿಕ್ಕಿತೆಂದು ಕತ್ತಿ ಹಿಡಿದಿದ್ದರೆ, ಇವರಲ್ಲಿ ಅನೇಕರು ಉಳಿಯಬಹುದಾಗಿದ್ದ ಅಂಗವನ್ನು ಕಳೆದುಕೊಳ್ಳುತ್ತಿದ್ದರು.

ಈ ತಾಳ್ಮೆಗೆ ಮಿತಿಯುಂಟು. ಗೆಡ್ಡೆ ಬೆಳೆಯುತ್ತಿದ್ದರೆ ಕಾಯುವಂತಿಲ್ಲ. ಆಗ ಶಸ್ತ್ರಚಿಕಿತ್ಸೆಯೇ ಆಸರೆ. ಸುತ್ತಲ ಚರ್ಮ ಸುಲಿದು ನೀರೊಸರುವುದು, ಭೇದಿ, ಮುಂದೆ ಮಲದ ಹಿಡಿತ ತಪ್ಪುವುದು ವಿಕಿರಣದ ಅಡ್ಡಪರಿಣಾಮಗಳು. ಗೆಡ್ಡೆ ದೊಡ್ಡದಾದಷ್ಟೂ ಗುಣವಾಗುವ ಸಾಧ್ಯತೆ ಕಡಿಮೆ. ರಕ್ತಸ್ರಾವವನ್ನು ಮೂಲವ್ಯಾಧಿಯೆಂದು ಬಗೆದು, ಬೆರಳಿಟ್ಟು ಪರೀಕ್ಷಿಸದೆ ಮುಲಾಮು ಬರೆದುಕೊಟ್ಟರೆ ರೋಗ ಪತ್ತೆಯಾಗುವುದೇ ತಡವಾಗುತ್ತದೆ. ರೋಗ ಪತ್ತೆಗೆ ಅವಸರ ಬೇಕು. ಕಾಯುವುದೇನಿದ್ದರೂ ಚಿಕಿತ್ಸೆಯ ನಂತರ.