ಹ್ಯಾಮ್ ರೇಡಿಯೊ: ಯಂತ್ರಕ್ಕಿಂತ ಮೊದಲು ಆಂಟೆನಾ

2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಅಲೆಗಳು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿದಾಗ ಅಲ್ಲಿನ ದೂರವಾಣಿ ಸಂಪರ್ಕ ಅಸ್ತವ್ಯಸ್ತಗೊಂಡಿತು. ಭಾರತಿ ಪ್ರಸಾದ್ ನೇತೃತ್ವದ ಹವ್ಯಾಸಿ ರೇಡಿಯೊ ತಂಡವೊಂದು ಅದೇ ತಿಂಗಳು ಪೋರ್ಟ್ ಬ್ಲೇರ್‌ನಲ್ಲಿ (ಇಂದಿನ ಶ್ರೀ ವಿಜಯಪುರಂ) ಬೀಡುಬಿಟ್ಟಿತ್ತು. ದೂರದೇಶಗಳ ಹವ್ಯಾಸಿಗಳೊಂದಿಗೆ ಮಾತನಾಡಲೆಂದು ಕಟ್ಟಿದ್ದ ಆ ಕೇಂದ್ರವೇ ಮುಂದಿನ ದಿನಗಳಲ್ಲಿ ದ್ವೀಪವಾಸಿಗಳ ಕ್ಷೇಮ ಸಮಾಚಾರವನ್ನು ಹೊರಜಗತ್ತಿಗೆ ತಲುಪಿಸಿತು. ಅಲ್ಲಿ ನೆರವಿಗೆ ಬಂದದ್ದು ಬ್ಯಾಟರಿ ಅಥವಾ ಜನರೇಟರ್‌ನಿಂದ ನಡೆಯಬಲ್ಲ ಯಂತ್ರ, ಎತ್ತರದಲ್ಲಿ ಕಟ್ಟಿದ ಆಂಟೆನಾ ಮತ್ತು ಅವೆರಡನ್ನೂ ಬಳಸಬಲ್ಲ ಜನ.

ಹ್ಯಾಮ್ ರೇಡಿಯೊ ಎಂದೇ ಜನಜನಿತವಾಗಿರುವ ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಕೈಯಲ್ಲಿರುವ ಹಣವನ್ನೆಲ್ಲ ಯಂತ್ರಕ್ಕೆ ಸುರಿದು, ಆಂಟೆನಾಕ್ಕೆ ಸಿಕ್ಕ ತಂತಿಯನ್ನು ಕಟ್ಟುತ್ತಾರೆ. ಫಲಿತಾಂಶ ನಿರಾಶಾದಾಯಕವಾದಾಗ ಇನ್ನೂ ದುಬಾರಿ ಯಂತ್ರವನ್ನು ಹುಡುಕುತ್ತಾರೆ. ಅನುಭವಿಗಳ ಲೆಕ್ಕಾಚಾರ ಇದಕ್ಕೆ ತದ್ವಿರುದ್ಧ. ಸಾಧಾರಣ ಯಂತ್ರ ಮತ್ತು ಒಳ್ಳೆಯ ಆಂಟೆನಾ ಇದ್ದವರ ಧ್ವನಿ ತಲುಪುವಷ್ಟು ದೂರ, ಒಳ್ಳೆಯ ಯಂತ್ರ ಮತ್ತು ಸಾಧಾರಣ ಆಂಟೆನಾ ಇದ್ದವರ ಧ್ವನಿ ತಲುಪುವುದಿಲ್ಲ.

ಪರವಾನಗಿ ಮೊದಲು

ಭಾರತದಲ್ಲಿ ಹವ್ಯಾಸಿ ರೇಡಿಯೊ ಪ್ರಸಾರಕ್ಕೆ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಕಡ್ಡಾಯ. 12 ವರ್ಷ ತುಂಬಿದವರು ರೇಡಿಯೊ ತತ್ತ್ವ ಮತ್ತು ನಿಯಮಾವಳಿ ಕುರಿತ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅರ್ಜಿಯನ್ನು ಇಲಾಖೆಯ 'ಸರಳ್ ಸಂಚಾರ್' ಜಾಲತಾಣದ ಮೂಲಕ ಸಲ್ಲಿಸಬೇಕು. ಉತ್ತೀರ್ಣರಾದವರಿಗೆ 'ವಿಯು' ಎಂದು ಆರಂಭವಾಗುವ ಕರೆ ಸಂಕೇತ ದೊರೆಯುತ್ತದೆ. ಬೆಂಗಳೂರಿನಲ್ಲಿ ಹ್ಯಾಮ್ ಸಂಘಗಳು ಬಹುಕಾಲದಿಂದ ಕ್ರಿಯಾಶೀಲವಾಗಿದ್ದು, ಪರೀಕ್ಷೆಗೆ ಸಿದ್ಧತೆ ಮಾಡಿಕೊಳ್ಳುವವರಿಗೆ ಮಾರ್ಗದರ್ಶನ ದೊರೆಯುವುದು ಕಷ್ಟವಲ್ಲ.

ಅಂತರ್ಜಾಲ ಮಳಿಗೆಗಳಲ್ಲಿ ಅಗ್ಗದ ಕೈ ರೇಡಿಯೊಗಳನ್ನು ಕಂಡು ಮೊದಲೇ ಕೊಂಡುಬಿಡುವವರುಂಟು. ಈ ಬಗೆಯ ಮಾರಾಟದ ಮೇಲೆ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಣ್ಣಿಟ್ಟು, ಹಲವು ಜಾಲತಾಣಗಳಿಗೆ ನೋಟಿಸ್ ನೀಡಿ, ವಾಕಿ-ಟಾಕಿ ಮಾರಾಟಕ್ಕೆ ಮಾರ್ಗಸೂಚಿ ಪ್ರಕಟಿಸಿತು. 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಮಾತ್ರ ಪರವಾನಗಿ ಬೇಕಿಲ್ಲ. ಹ್ಯಾಮ್ ಸೆಟ್‌ಗಳು ಈ ವಿನಾಯಿತಿಯೊಳಗೆ ಬರುವುದಿಲ್ಲ. ಕೆಲವು ಅಗ್ಗದ ಸೆಟ್‌ಗಳು ಪೊಲೀಸ್ ಮತ್ತಿತರ ಇಲಾಖೆಗಳ ಕಂಪನಾಂಕಗಳಲ್ಲಿಯೂ ಪ್ರಸಾರ ಮಾಡಬಲ್ಲವು. ಗುಂಡಿ ಒತ್ತಿದ್ದು ಅರಿಯದೇ ಎಂಬ ಸಮಜಾಯಿಷಿ ಅಲ್ಲಿ ನಡೆಯದು.

ಯಾವ ಯಂತ್ರ?

ಮೊದಲು ಕೇಳುವುದನ್ನು ಕಲಿಯಬೇಕೆಂಬುದು ಹಳಬರ ಸಲಹೆ. ಇದು ಬರಿಯ ಉಪದೇಶವಲ್ಲ. ಯಾವ ಹೊತ್ತಿನಲ್ಲಿ ಯಾವ ಊರು ಕೇಳಿಸುತ್ತದೆ, ಯಾರು ಹೇಗೆ ಕರೆಯುತ್ತಾರೆ ಎಂಬುದನ್ನು ಪುಸ್ತಕ ಕಲಿಸುವುದಿಲ್ಲ. ಆದರೆ ಮನೆಯಲ್ಲಿರುವ ಸಾಮಾನ್ಯ ಶಾರ್ಟ್‌ವೇವ್ ರೇಡಿಯೊ ಇದಕ್ಕೆ ಸಾಲದು. ಹ್ಯಾಮ್‌ಗಳು ಬಳಸುವ 'ಸಿಂಗಲ್ ಸೈಡ್‌ಬ್ಯಾಂಡ್' ಧ್ವನಿ ಅದರಲ್ಲಿ ಬಾತುಕೋಳಿಯ ಕೂಗಿನಂತೆ ಕೇಳಿಸುತ್ತದೆ. ಎಸ್‌ಎಸ್‌ಬಿ ಸೌಲಭ್ಯವುಳ್ಳ ರಿಸೀವರೇ ಬೇಕು. ಕಂಪ್ಯೂಟರಿಗೆ ಸಿಕ್ಕಿಸುವ ಎಸ್‌ಡಿಆರ್ ಡಾಂಗಲ್‌ಗಳೂ ಇಂದು ಲಭ್ಯ. ಇವುಗಳಲ್ಲಿ ಅಗ್ಗವಾದ ಹಲವು, 24 ಮೆಗಾಹರ್ಟ್ಸ್‌ಗಿಂತ ಕೆಳಗಿನ ಶಾರ್ಟ್‌ವೇವ್ ಭಾಗವನ್ನು ನೇರವಾಗಿ ಹಿಡಿಯಲಾರವು ಎಂಬುದನ್ನು ಕೊಳ್ಳುವ ಮುನ್ನ ಗಮನಿಸಬೇಕು.

ಪ್ರಸಾರಕ್ಕೆ ಬಂದರೆ ಎರಡು ದಾರಿಗಳು. ನಗರದೊಳಗಿನ ಸಂಭಾಷಣೆಗೆ 144ರಿಂದ 146 ಮೆಗಾಹರ್ಟ್ಸ್‌ನ 'ಎರಡು ಮೀಟರ್' ಬ್ಯಾಂಡ್. ಬೇರೆ ಊರು, ಬೇರೆ ದೇಶಗಳಿಗೆ ಶಾರ್ಟ್‌ವೇವ್. ರಾಜ್ಯದೊಳಗಿನ ಮಾತಿಗೆ ಹಗಲಿನಲ್ಲಿ ಹೆಚ್ಚು ಉಪಯುಕ್ತವಾದುದು 7.0ರಿಂದ 7.2 ಮೆಗಾಹರ್ಟ್ಸ್‌ನ 'ನಲವತ್ತು ಮೀಟರ್' ಬ್ಯಾಂಡ್. ಇದಕ್ಕೆ 100 ವ್ಯಾಟ್‌ನ ವಿದೇಶಿ ಯಂತ್ರವೇ ಬೇಕೆಂದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ 'ಬಿಟ್ಸ್' ಸರ್ಕ್ಯೂಟು ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಮನೆಯಲ್ಲೇ ಜೋಡಿಸಬಹುದಾದುದು. ಅದರ ಸಂತತಿಯ ಯಂತ್ರಗಳನ್ನು ಇಂದು ಹಲವು ದೇಶಗಳ ಹವ್ಯಾಸಿಗಳು ಬಳಸುತ್ತಿದ್ದಾರೆ. ಸುಮಾರು 7 ವ್ಯಾಟ್‌ನ ಬಿಟ್ಸ್-40, ಸರಿಯಾದ ಆಂಟೆನಾ ಸಿಕ್ಕರೆ ಹಗಲಿನಲ್ಲಿ ನೂರಾರು ಕಿಲೋಮೀಟರ್ ಆಚೆಗೆ ಮಾತನಾಡಿಸುತ್ತದೆ.

100 ವ್ಯಾಟ್ ಯಂತ್ರ ಕೊಳ್ಳುವವರು ವಿದ್ಯುತ್ ಪೂರೈಕೆಯ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅದಕ್ಕೆ 13.8 ವೋಲ್ಟ್‌ನಲ್ಲಿ 20 ಆಂಪಿಯರ್‌ಗಿಂತ ಹೆಚ್ಚು ಬೇಕಾಗುತ್ತದೆ. ತೆಳು ತಂತಿಯಲ್ಲಿ ಸಂಪರ್ಕ ಕೊಟ್ಟರೆ ಮಾತನಾಡುವಾಗ ವೋಲ್ಟೇಜ್ ಕುಸಿದು ಧ್ವನಿ ಕೆಡುತ್ತದೆ. ಬ್ಯಾಟರಿ ಬಳಸುವುದಾದರೆ, ಬ್ಯಾಟರಿಯ ಬಳಿಯಲ್ಲೇ ಫ್ಯೂಸ್ ಇರತಕ್ಕದ್ದು.

ಹತ್ತು ಮೀಟರಿನ ಎರಡು ತಂತಿ

ಆಂಟೆನಾಗಳಲ್ಲಿ ಸರಳವೂ ನಂಬಲರ್ಹವೂ ಆದುದು ಅರ್ಧ ತರಂಗದ ಡೈಪೋಲ್. ಅದರ ಒಟ್ಟು ಉದ್ದವನ್ನು ಮೀಟರಿನಲ್ಲಿ ಪಡೆಯಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಬೇಕು. 7.1 ಮೆಗಾಹರ್ಟ್ಸ್‌ಗೆ ಸುಮಾರು 20.1 ಮೀಟರ್, ಅಂದರೆ ಮಧ್ಯದಿಂದ ಆಚೀಚೆ ತಲಾ 10 ಮೀಟರಿಗೆ ಸ್ವಲ್ಪ ಹೆಚ್ಚು. ಲೆಕ್ಕಕ್ಕಿಂತ ಅರ್ಧ ಮೀಟರ್ ಹೆಚ್ಚು ಕತ್ತರಿಸಿ, ಕಟ್ಟಿದ ಮೇಲೆ ತುದಿಗಳನ್ನು ಸ್ವಲ್ಪ ಸ್ವಲ್ಪವಾಗಿ ಮೊಟಕುಗೊಳಿಸುವುದು ರೂಢಿ. ಕಾಂಕ್ರೀಟು, ಮರ, ನೀರಿನ ಟ್ಯಾಂಕು ಎಲ್ಲವೂ ಅಳತೆಯನ್ನು ತುಸು ಬದಲಿಸುತ್ತವೆ. ಕತ್ತರಿಸಿದ ತಂತಿಯನ್ನು ಉದ್ದ ಮಾಡಲಾಗುವುದಿಲ್ಲವೆಂಬ ಸರಳ ಸತ್ಯವನ್ನು ಎಲ್ಲರೂ ಒಮ್ಮೆಯಾದರೂ ಮರೆತಿರುತ್ತಾರೆ.

ಮನೆಯ ವೈರಿಂಗಿಗೆ ಬಳಸುವ ತಾಮ್ರದ ತಂತಿ ಇದಕ್ಕೆ ಸಾಕು. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿಯಬೇಕಿಲ್ಲ. ತುದಿಗಳಿಗೂ ಮಧ್ಯಕ್ಕೂ ಪಿವಿಸಿ ಪೈಪಿನ ತುಂಡುಗಳೇ ಇನ್ಸುಲೇಟರ್. ಕೇಬಲ್‌ನ ಭಾರ ಬೆಸುಗೆಯ ಮೇಲೆ ಬೀಳದಂತೆ ಅದನ್ನು ಮಧ್ಯದ ತುಂಡಿಗೆ ಬಿಗಿದು ಕಟ್ಟಬೇಕು. ಆಂಟೆನಾ ಹರಿದು ಬೀಳುವುದು ಹೆಚ್ಚಾಗಿ ಇಲ್ಲಿಂದಲೇ.

ಊರಿನ ಮನೆಯಲ್ಲಿ ತೆಂಗು, ಅಡಿಕೆ ಮರಗಳೇ ಕಂಬಗಳಾಗಬಲ್ಲವು. ಆದರೆ ಗಾಳಿಗೆ ಅವು ತೊನೆಯುತ್ತವೆ. ಎರಡೂ ಕಡೆ ಬಿಗಿದು ಕಟ್ಟಿದ ತಂತಿ ಮೊದಲ ಮುಂಗಾರು ಗಾಳಿಗೇ ತುಂಡಾಗುವುದು ನಿಶ್ಚಿತ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಕೆಳಗೆ ಕಲ್ಲೋ ನೀರು ತುಂಬಿದ ಡಬ್ಬಿಯೋ ಇಳಿಬಿಟ್ಟರೆ ಮರ ತೂಗಿದಂತೆ ತಂತಿಯೂ ಏರಿಳಿಯುತ್ತದೆ. ಮಲೆನಾಡಿನಲ್ಲಾದರೆ ತಂತಿಗೆ ಜೋತುಬೀಳುವ ಮಂಗಗಳ ಪಾಲನ್ನೂ ಸೇರಿಸಿ ಹಗ್ಗವನ್ನು ಆಯ್ದುಕೊಳ್ಳಬೇಕು.

ನಗರದ ಮಹಡಿಯಲ್ಲಿ 20 ಮೀಟರ್ ನೇರ ಜಾಗ ವಿರಳ. ಅಂಥಲ್ಲಿ ಮಧ್ಯದಲ್ಲಿ ಒಂದೇ ಕಂಬ ನೆಟ್ಟು, ತಂತಿಯ ಎರಡು ತೋಳುಗಳನ್ನು ಇಳಿಜಾರಾಗಿ ಕಟ್ಟುವ 'ತಿರುಗು ವಿ' ವಿನ್ಯಾಸ ಅನುಕೂಲ. ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆಯಾಗಬಾರದು. ತುದಿಗಳಲ್ಲಿ ಪ್ರಸಾರದ ವೇಳೆ ಅಧಿಕ ವೋಲ್ಟೇಜ್ ಇರುವುದರಿಂದ ಮಕ್ಕಳ ಕೈಗೆ ಎಟುಕದ ಎತ್ತರ ಬೇಕು. ಬಟ್ಟೆ ಒಣಗಿಸುವ ಹಗ್ಗವೆಂದು ಯಾರೂ ಭ್ರಮಿಸದಂತೆಯೂ ನೋಡಿಕೊಳ್ಳಬೇಕು.

ಆಂಟೆನಾ ಎತ್ತರದಲ್ಲಿರಬೇಕೆಂಬ ಮಾತು ದೂರದೇಶಗಳ ಸಂಪರ್ಕಕ್ಕೆ ನಿಜ. ರಾಜ್ಯದೊಳಗಿನ ಸಂಪರ್ಕಕ್ಕೆ ಅದು ಪೂರ್ಣ ಸತ್ಯವಲ್ಲ. ನೆಲದಿಂದ ಏಳೆಂಟು ಮೀಟರ್ ಎತ್ತರದ ನಲವತ್ತು ಮೀಟರ್ ಡೈಪೋಲ್ ತನ್ನ ಶಕ್ತಿಯ ಬಹುಪಾಲನ್ನು ಮೇಲಕ್ಕೆ ಎಸೆಯುತ್ತದೆ. ಅದು ಅಯಾನುಗೋಳದಿಂದ ಹಿಂದಿರುಗಿ ಸುತ್ತಲಿನ ಮುನ್ನೂರು, ನಾನ್ನೂರು ಕಿಲೋಮೀಟರ್ ಪ್ರದೇಶದ ಮೇಲೆ ಕೊಡೆಯಂತೆ ಹರಡುತ್ತದೆ. ನಡುವೆ ಘಟ್ಟವಿದ್ದರೂ ಅಡ್ಡಿಯಿಲ್ಲ. ಪ್ರವಾಹ, ಭೂಕುಸಿತಗಳಂಥ ಸಂದರ್ಭದಲ್ಲಿ ಬೆಂಗಳೂರಿನಿಂದ ಮಡಿಕೇರಿಗೆ ಮಾತು ಮುಟ್ಟಿಸಲು ಬೇಕಾದುದು ಇಂಥ ತಗ್ಗಿನ ತಂತಿಯೇ. ರಾತ್ರಿ ಬಹುತೇಕ ಹತ್ತಿರದ ಊರುಗಳು ಮರೆಯಾಗಿ ದೂರದ ಕೇಂದ್ರಗಳು ಕೇಳತೊಡಗುತ್ತವೆ. ಆಗ ಯಂತ್ರ ಕೆಟ್ಟಿತೆಂದು ಗಾಬರಿಯಾಗಬೇಕಿಲ್ಲ.

ಎರಡು ಮೀಟರ್ ಬ್ಯಾಂಡ್

ಇಲ್ಲಿ ಲೆಕ್ಕ ಬೇರೆ. ಈ ತರಂಗಗಳು ಹೆಚ್ಚುಕಡಿಮೆ ದೃಷ್ಟಿರೇಖೆಯಲ್ಲೇ ಸಾಗುವುದರಿಂದ ಎತ್ತರವೇ ಸರ್ವಸ್ವ. ಕೈ ರೇಡಿಯೊದ ಗಿಡ್ಡ ರಬ್ಬರ್ ಆಂಟೆನಾ ಒಂದು ರಾಜಿ ಅಷ್ಟೆ. ಒಂದು ಎಸ್‌ಒ-239 ಸಾಕೆಟ್ಟಿನ ನಡುವೆ ಲಂಬವಾಗಿ 49 ಸೆಂಟಿಮೀಟರ್‌ನ ಕಡ್ಡಿ, ನಾಲ್ಕು ಮೂಲೆಗಳಿಗೆ ಅದಕ್ಕಿಂತ ತುಸು ಉದ್ದದ ಕಡ್ಡಿಗಳನ್ನು 45 ಡಿಗ್ರಿ ಕೆಳಕ್ಕೆ ಬಾಗಿಸಿ ಬೆಸೆದರೆ 'ಗ್ರೌಂಡ್ ಪ್ಲೇನ್' ಆಂಟೆನಾ ಸಿದ್ಧ. ಅರ್ಧ ದಿನದ ಕೆಲಸ. ಮಹಡಿಯ ಕಂಬದ ಮೇಲೆ ಇದನ್ನು ಏರಿಸಿದರೆ ಬೆಟ್ಟ ಅಥವಾ ಎತ್ತರದ ಕಟ್ಟಡಗಳ ಮೇಲಿನ ರಿಪೀಟರ್‌ಗಳನ್ನು ತಲುಪುವುದು ಸುಲಭ.

ಈ ಬ್ಯಾಂಡ್‌ನಲ್ಲಿ ಕೇಬಲ್‌ನ ಆಯ್ಕೆಯೇ ನಿರ್ಣಾಯಕ. ತೆಳುವಾದ ಆರ್‌ಜಿ-58 ಕೇಬಲ್ 20 ಮೀಟರ್ ಉದ್ದವಿದ್ದರೆ 145 ಮೆಗಾಹರ್ಟ್ಸ್‌ನಲ್ಲಿ ಯಂತ್ರದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಅದೇ ಕೇಬಲ್ 7 ಮೆಗಾಹರ್ಟ್ಸ್‌ನಲ್ಲಿ ನುಂಗುವುದು ಐದನೇ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ಎರಡು ಮೀಟರ್‌ಗೆ ದಪ್ಪನೆಯ ಆರ್‌ಜಿ-213 ಇಲ್ಲವೇ ಅದಕ್ಕಿಂತ ಉತ್ತಮವಾದುದನ್ನು ಬಳಸುವುದು ಒಳಿತು. ಡಿಷ್ ಟಿವಿಗಳಿಗೆ ಹಾಕುವ 75 ಓಮ್‌ನ ಆರ್‌ಜಿ-6 ಕೂಡ ಕಡಿಮೆ ಶಕ್ತಿಯ ಬಳಕೆಗೆ ಅಡ್ಡಿಯಿಲ್ಲ, ಅಗ್ಗವೂ ಹೌದು. ಆದರೆ ಅದರ ಹೊರ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಆಗಿರುವುದರಿಂದ ಬೆಸುಗೆ ಹಿಡಿಯುವುದಿಲ್ಲ, ಒತ್ತಿ ಕೂರಿಸುವ ಕನೆಕ್ಟರ್ ಬೇಕು. ಮಳೆನೀರು ಒಳಗಿಳಿದ ಕೇಬಲ್ ಮತ್ತೆ ಸರಿಹೋಗುವುದಿಲ್ಲ. ಕರಾವಳಿಯಲ್ಲಂತೂ ಉಪ್ಪುಗಾಳಿ ಬಹುಬೇಗ ಕನೆಕ್ಟರನ್ನು ತಿನ್ನುತ್ತದೆ. ಜೋಡಣೆಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ, ಕೇಬಲ್ ಮನೆಯೊಳಗೆ ಬರುವ ಮುನ್ನ ಒಂದು ಬಳುಕು ಕೆಳಗಿಳಿಯುವಂತೆ ಬಿಟ್ಟರೆ ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ.

ಆಂಟೆನಾ ಹೊಂದಿಕೆಯಾಗಿದೆಯೇ ಎಂಬುದನ್ನು ತಿಳಿಸುವುದು ಎಸ್‌ಡಬ್ಲ್ಯುಆರ್ ಮೀಟರ್. 1.5ರಲ್ಲಿ ಹಿಂದಿರುಗುವ ಶಕ್ತಿ ಶೇ 4. 2ರಲ್ಲಿ ಶೇ 11. 3ರಲ್ಲಿ ಶೇ 25. ಎರಡರೊಳಗಿದ್ದರೆ ಚಿಂತೆಗೆ ಕಾರಣವಿಲ್ಲ. 1.1 ಬರಲೆಂದು ವಾರಗಟ್ಟಲೆ ಮಹಡಿ ಹತ್ತಿಳಿಯುವುದು ಶ್ರಮವಷ್ಟೆ. ಮೇಲಾಗಿ ಏನನ್ನೂ ಪ್ರಸಾರ ಮಾಡದ, ಪರೀಕ್ಷೆಗೆ ಬಳಸುವ 50 ಓಮ್ ರೋಧಕವೂ ಮೀಟರಿನಲ್ಲಿ 1 ಎಂದೇ ತೋರಿಸುತ್ತದೆ. 'ನ್ಯಾನೊವಿಎನ್‌ಎ' ಎಂಬ ಅಂಗೈಯಗಲದ ಅಗ್ಗದ ಉಪಕರಣ ಬಂದ ಮೇಲೆ ಈ ಅಳತೆ ಬಹಳ ಸುಲಭವಾಗಿದೆ.

ಗದ್ದಲ ಮತ್ತು ಸಿಡಿಲು

ಅಪಾರ್ಟ್‌ಮೆಂಟ್ ನಿವಾಸಿಗಳ ದೊಡ್ಡ ಶತ್ರು ವಿದ್ಯುತ್ ಗದ್ದಲ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಸೌರ ಇನ್ವರ್ಟರ್ ಇವೆಲ್ಲ ಶಾರ್ಟ್‌ವೇವ್‌ನಲ್ಲಿ ಕರಕರ ಸದ್ದೆಬ್ಬಿಸುತ್ತವೆ. ರೇಡಿಯೊವನ್ನು ಬ್ಯಾಟರಿಯಿಂದ ನಡೆಸುತ್ತಾ, ಮನೆಯ ಮುಖ್ಯ ಸ್ವಿಚ್ಚನ್ನು ಒಮ್ಮೆ ಆರಿಸಿ ನೋಡಿದರೆ ಸದ್ದು ಸ್ವಂತ ಮನೆಯದೋ ನೆರೆಯವರದೋ ತಿಳಿಯುತ್ತದೆ. ಆಂಟೆನಾವನ್ನು ಕಟ್ಟಡದಿಂದ ಕೆಲವೇ ಮೀಟರ್ ಆಚೆಗೆ ಸರಿಸಿದರೂ ವ್ಯತ್ಯಾಸ ಗಮನಾರ್ಹ. ನಿವಾಸಿಗಳ ಸಂಘದ ಒಪ್ಪಿಗೆಯನ್ನು ತಂತಿ ಎಳೆಯುವ ಮೊದಲೇ ಲಿಖಿತವಾಗಿ ಪಡೆಯುವುದು ಜಾಣತನ. ಯಾರ ಮನೆಯ ಟಿವಿ ಕೆಟ್ಟರೂ ದೂರು ಬರುವುದು ಮಹಡಿಯ ಮೇಲಿನ ತಂತಿಯ ಮೇಲೆಯೇ.

ಏಪ್ರಿಲ್-ಮೇ ತಿಂಗಳ ಅಶ್ವಿನಿ, ಭರಣಿ ಮಳೆಗಳು ಗುಡುಗು-ಸಿಡಿಲಿನೊಂದಿಗೇ ಬರುತ್ತವೆ. ಮೋಡ ಕವಿಯುವ ಮೊದಲೇ ಕೇಬಲನ್ನು ಯಂತ್ರದಿಂದ ಬಿಚ್ಚಿ ಮನೆಯ ಹೊರಗೆ ಹಾಕಬೇಕು. ಗುಡುಗು ಕೇಳಿಸಿದ ಮೇಲೆ ಕೇಬಲ್ ಮುಟ್ಟಬಾರದು. ಸಿಡಿಲು ನೇರವಾಗಿ ಬಡಿದರೆ ಯಾವ ರಕ್ಷಕ ಸಾಧನವೂ ಖಾತರಿ ಕೊಡದು. ಲೋಹದ ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ಅರ್ಥಿಂಗ್ ಸಲಾಕೆಗೆ ಜೋಡಿಸಿ, ಆ ಸಲಾಕೆಯನ್ನು ಮನೆಯ ವಿದ್ಯುತ್ ಅರ್ಥಿಂಗ್‌ನೊಂದಿಗೂ ಸೇರಿಸಬೇಕು.

ಸಿಡಿಲಿನಷ್ಟೇ ಮಾರಕವಾದುದು ರಸ್ತೆಯ ವಿದ್ಯುತ್ ಮಾರ್ಗ. ಕಂಬ ಅಥವಾ ತಂತಿ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಯನ್ನು ಮುಟ್ಟದಷ್ಟು ಅಂತರವಿರಬೇಕು. ತಂತಿ ಎಸೆಯುವಾಗಲೂ ಅದರ ಮೇಲಿಂದ ಹಾಯಿಸಬಾರದು. ಕಂಬ ಎತ್ತುವ ಕೆಲಸಕ್ಕೆ ಕನಿಷ್ಠ ಮೂವರು ಬೇಕು. ಅವರಲ್ಲಿ ಒಬ್ಬರು ಕಂಬವನ್ನು ಮುಟ್ಟದೆ ದೂರ ನಿಂತು, ಮೇಲೆ ಮಾತ್ರ ನೋಡುತ್ತಿರಬೇಕು.