ಕಣ್ಣೊಳಗಿನ ತಲೆಕೆಳಗಾದ ಚಿತ್ರ

ಹಗಲು ಹೊತ್ತಿನಲ್ಲಿ, ಕಿಟಕಿಗೆ ಎದುರಾದ ಗೋಡೆಯ ಹತ್ತಿರ ಒಂದು ಭೂತಗನ್ನಡಿಯನ್ನು ಹಿಡಿದು ಮೆಲ್ಲಗೆ ಹಿಂದುಮುಂದು ಸರಿಸಿ ನೋಡಿ. ಒಂದು ದೂರದಲ್ಲಿ ಹೊರಗಿನ ಮರ, ಮನೆ, ಆಕಾಶಗಳೆಲ್ಲ ಬಣ್ಣಸಹಿತ ಗೋಡೆಯ ಮೇಲೆ ಮೂಡುತ್ತವೆ, ಆದರೆ ತಲೆಕೆಳಗಾಗಿ. ನಿಮ್ಮ ಕಣ್ಣಿನೊಳಗೂ ಈ ಗಳಿಗೆಯಲ್ಲಿ ನಡೆಯುತ್ತಿರುವುದು ಇದೇ. ಇದನ್ನು ಒಪ್ಪಲು ಮನುಷ್ಯನಿಗೆ ಬಹುಕಾಲ ಹಿಡಿಯಿತು.

ವಸ್ತುವಿನ ಒಂದೊಂದು ಬಿಂದುವಿನಿಂದಲೂ ಎಲ್ಲ ದಿಕ್ಕಿಗೂ ಬೆಳಕು ಹೊರಡುತ್ತದೆಂದು ಹನ್ನೊಂದನೆಯ ಶತಮಾನದಲ್ಲೇ ಕೈರೋ ನಗರದ ಇಬ್ನ್ ಅಲ್-ಹೈತಮ್ ತಿಳಿಸಿದ್ದ. ಹಾಗಾದರೆ ಅವೆಲ್ಲ ಕಣ್ಣಿನಲ್ಲಿ ಕಲಸಿಹೋಗಬೇಡವೇ? ಕಣ್ಣಿನ ಮೇಲೆ ಲಂಬವಾಗಿ ಬೀಳುವ ಕಿರಣಗಳೇ ನೋಟಕ್ಕೆ ಮುಖ್ಯವೆಂದು ಆತ ತೊಡಕು ಬಿಡಿಸಿಕೊಂಡ. ಚಿತ್ರ ನೆಟ್ಟಗೇ ಉಳಿಯಿತು.

ಗಂಟು ಬಿಚ್ಚಿದವನು ಯೋಹಾನಸ್ ಕೆಪ್ಲರ್. ಎಳೆತನದಲ್ಲಿ ಸಿಡುಬು ತಗಲಿ ದೃಷ್ಟಿ ಕುಂದಿದ್ದವನು! ಗ್ರಹಣಕಾಲದಲ್ಲಿ ಚಂದ್ರಬಿಂಬ ಎಂದಿಗಿಂತ ಚಿಕ್ಕದಾಗುತ್ತದೆಂದು ಟೈಕೋ ಬ್ರಾಹೆಯ ಅಳತೆ ಹೇಳುತ್ತಿತ್ತು. 1600ರಲ್ಲಿ ಗ್ರಾಜ್ ನಗರದಲ್ಲಿ ಸೂರ್ಯಗ್ರಹಣವನ್ನು ಕಿರುರಂಧ್ರದ ಮೂಲಕ ಅಳೆದ ಕೆಪ್ಲರ್, ಕುಗ್ಗಿದ್ದು ಚಂದ್ರನಲ್ಲವೆಂದು ಕಂಡುಕೊಂಡ. ರಂಧ್ರದ ಅಗಲವೇ ಸೂರ್ಯನ ಬೆಳಕನ್ನು ಹರಡಿ ಚಂದ್ರನ ಅಂಚನ್ನು ನುಂಗಿತ್ತು. ರಂಧ್ರವೇ ಹೀಗೆ ಮೋಸಮಾಡಿದರೆ, ಅದರ ಹಿಂದೆ ನಿಂತು ನೋಡುವ ಕಣ್ಣಿನ ಮಾತೇನು?

ನೀರು ತುಂಬಿದ ಗಾಜಿನ ಗೋಳವನ್ನೇ ಕಣ್ಣೆಂದು ಭಾವಿಸಿ ಆತ ಪರೀಕ್ಷೆ ನಡೆಸಿದ. 1604ರ ಗ್ರಂಥದಲ್ಲಿ ಉತ್ತರ ಬಂತು: ಒಂದು ಬಿಂದುವಿನಿಂದ ಹೊರಟ ಕಿರಣಗಳು ಕಣ್ಣಿನ ಪಾಪೆಯೊಳಗೆ ಹೊಕ್ಕು, ಬಾಗಿ, ಅಕ್ಷಿಪಟಲದ ಮೇಲೆ ಮತ್ತೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಮರದ ತುದಿಯ ಬೆಳಕು ಕೆಳಗೆ, ಬುಡದ್ದು ಮೇಲೆ. ಅದನ್ನು ಹೇಗಾದರೂ ನೆಟ್ಟಗೆ ಮಾಡಲು ಕೆಪ್ಲರನೂ ಹೆಣಗಿದ; ರೇಖಾಗಣಿತ ಬಿಡಲಿಲ್ಲ. ತಲೆಕೆಳಗಾದುದು ನಮಗೆ ನೆಟ್ಟಗೆ ಕಾಣುವುದೇಕೆಂಬುದನ್ನು ತತ್ತ್ವಜ್ಞರಿಗೆ ಬಿಟ್ಟ. ಎತ್ತಿನ ಕಣ್ಣಿನ ಹಿಂಬದಿಯನ್ನು ಕತ್ತರಿಸಿ ತೆಗೆದು ಆ ಚಿತ್ರವನ್ನು ನೋಡಬಹುದಾದ ಬಗೆಯನ್ನು 1637ರಲ್ಲಿ ದೆಕಾರ್ತ್ ವಿವರಿಸಿದ.

ಇದರಿಂದ ಕನ್ನಡಕದ ಮರ್ಮವೂ ತಿಳಿಯಿತು. ಮುನ್ನೂರು ವರ್ಷಗಳಿಂದ ಜನ ಅದನ್ನು ಕಾರಣ ತಿಳಿಯದೆಯೇ ಮೂಗಿಗೇರಿಸಿದ್ದರು! ದೂರದೃಷ್ಟಿ ಮಂಕಾದವನಲ್ಲಿ ಕಿರಣಗಳು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿಬಿಡುತ್ತವೆ. ನಡು ತೆಳುವಾದ ಮಸೂರ ಅವನ್ನು ಅಷ್ಟು ಹಿಂದಕ್ಕೆ ತಳ್ಳುತ್ತದೆ.

ನಿಮ್ಮ ಮನೆಯ ಗೋಡೆಗನ್ನಡಿಯ ಮಾತು ಬೇರೆ. ಅದರೊಳಗಿನ ನಿಮ್ಮ ಮುಖ ಇರುವಂತೆ ತೋರುವ ಜಾಗದಲ್ಲಿ ಒಂದು ಕಿರಣವೂ ಕೂಡುವುದಿಲ್ಲ. ಅಲ್ಲಿ ಕಾಗದ ಹಿಡಿದರೆ ಏನೂ ಮೂಡದು. ಪಾಠಪುಸ್ತಕಗಳು ಇದನ್ನು ಮಿಥ್ಯಾ ಪ್ರತಿಬಿಂಬವೆಂದೂ ಗೋಡೆಯ ಮೇಲೆ ಮೂಡಿದ್ದನ್ನು ಸತ್ಯ ಪ್ರತಿಬಿಂಬವೆಂದೂ ಕರೆಯುತ್ತವೆ. ಕೆಪ್ಲರ್ ಆಗಲೇ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದ.

1611ರಲ್ಲಿ ಎರಡು ಉಬ್ಬು ಮಸೂರಗಳ ದೂರದರ್ಶಕವನ್ನೂ ಆತ ವರ್ಣಿಸಿದ. ಅದರಲ್ಲಿಯೂ ಎಲ್ಲವೂ ತಲೆಕೆಳಗೇ. ನಕ್ಷತ್ರಕ್ಕೆ ತಲೆ ಯಾವುದು, ಕಾಲು ಯಾವುದು? ಖಗೋಳಜ್ಞರು ಅದನ್ನು ಹಾಗೆಯೇ ಬಳಸಿದರು.